60 ವ್ಯಾಟ್ ಬಲ್ಬ್ ಮತ್ತು ಸೂಪರ್‌ನೋವಾ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಸೂಪರ್‌ನೋವಾ (ನಕ್ಷತ್ರದ ಸ್ಫೋಟ) ಬಗ್ಗೆ ಬಂದ ಬರಹ ಓದಿದೆ. ಅವುಗಳಲ್ಲಿ 1ಎ ಅನ್ನುವ ಒಂದು ಮಾದರಿಯ ಸೂಪರ್‌ನೋವಾಗಳೆಲ್ಲ 60 ವ್ಯಾಟಿನ ಬಲ್ಬ್ ಇದ್ದ ಹಾಗೆ, ಎಲ್ಲಿ ಉರಿದರೂ ಒಂದೇ ಬೆಳಕು, ಎಷ್ಟು ಮಂಕೋ ಅಷ್ಟು ದೂರ ಅಂತ ಅದರಲ್ಲಿತ್ತು. ನಾನು 31 ವರ್ಷ ಲೈನ್‌ಮನ್ ಆಗಿದ್ದವನು. ಫೀಡರಿನ ಕೊನೆಯ ಹಳ್ಳಿಯಲ್ಲಿ ಪಂಪ್‌ಸೆಟ್‌ಗಳು ಶುರುವಾದರೆ ಅದೇ 60 ವ್ಯಾಟಿನ ಬಲ್ಬ್ ಹಣತೆ ಥರ ಆಗುವುದನ್ನು ನೋಡಿದ್ದೇನೆ. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

2014ರ ಫೆಬ್ರುವರಿಯಲ್ಲಿ ತಿಪಟೂರಿನ ನಮ್ಮ ತಾರಸಿಯಿಂದ, ಗೆಳೆಯರ 6 ಇಂಚಿನ ದೂರದರ್ಶಕದಲ್ಲಿ, ಎಂ82 ಗೆಲಾಕ್ಸಿ ನೋಡಿದೆವು. ಬೀಡಿಯಂಥ ಮಸುಕು ಗೆರೆ, ಅದರೊಳಗೆ ಒಂದು ಚುಕ್ಕಿ. ಅದೇ 2014ಜೆ ಅನ್ನುವ 1ಎ ಸೂಪರ್‌ನೋವಾ. ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುವ, ಲಡಾಖಿನ ಹಾನ್ಲೆಯ ದೂರದರ್ಶಕವೂ ಆಗ ಅದರ ಕಡೆ ತಿರುಗಿತ್ತು. ಎಂ82 ನಮ್ಮಿಂದ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರ. 2011ರಲ್ಲಿ ಎಂ101 ಅನ್ನುವ ಗೆಲಾಕ್ಸಿಯಲ್ಲಿ ಸಿಡಿದ ಅದೇ ಮಾದರಿಯ 2011ಎಫ್‌ಇ ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದ್ದು. ಅದು ಮಳೆಗಾಲ, ನಮಗೆ ಮೋಡ ಬಿಟ್ಟು ಏನೂ ಕಾಣಲಿಲ್ಲ, ಆ ಮಾತು ಬೇರೆ. ಆದರೆ ಹೆಚ್ಚು ಬೆಳಗಿದ್ದು ದೂರದ್ದೇ! ಎಂ82 ತುಂಬ ಧೂಳು. ಆ ಧೂಳು ಹತ್ತಿರದ ಬಲ್ಬಿಗೆ ಗೋಣಿಚೀಲ ಹೊದಿಸಿತ್ತು.

ಬರೀ ಧೂಳಿನದ್ದೇ ತಪ್ಪಲ್ಲ. 1991ರಲ್ಲಿ ಕನ್ಯಾ ರಾಶಿಯ ಕಡೆಗೇ ಎರಡು ಸಿಡಿದವು. ಸುರುಳಿ ಗೆಲಾಕ್ಸಿ ಎನ್‌ಜಿಸಿ 4527ರಲ್ಲಿ ಸಿಡಿದದ್ದು ಮಾಮೂಲಿಗಿಂತ ಜಾಸ್ತಿ ಬೆಳಗಿತು. ಎಂ84 ಅನ್ನುವ ಮುದಿ ಗೆಲಾಕ್ಸಿಯದ್ದು ತೀರಾ ಮಂಕು, ಬೇಗ ಆರಿಯೂ ಹೋಯಿತು. ನಿಧಾನ ಆರುವುದು ಜಾಸ್ತಿ ಬೆಳಗುತ್ತದೆ ಅನ್ನುವ ಲೆಕ್ಕವನ್ನು 1993ರಲ್ಲಿ ಖಗೋಳ ವಿಜ್ಞಾನಿ ಮಾರ್ಕ್ ಫಿಲಿಪ್ಸ್ ಕೊಟ್ಟರು. ಬಣ್ಣವನ್ನೂ ಸೇರಿಸಿ ಸರಿಪಡಿಸುವ ಪದ್ಧತಿ ಬಂತು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. 2010ರ ಹೊತ್ತಿಗೆ ಒಂದು ವಿಚಿತ್ರ ಕಂಡಿತು. ಇಷ್ಟೆಲ್ಲ ಸರಿಪಡಿಸಿದ ಮೇಲೂ, ಸುಮಾರು ಸಾವಿರ ಕೋಟಿ ಸೂರ್ಯರಿಗಿಂತ ಭಾರದ ಗೆಲಾಕ್ಸಿಗಳ ಸೂಪರ್‌ನೋವಾಗಳು ಹಗುರ ಗೆಲಾಕ್ಸಿಗಳವಕ್ಕಿಂತ ಶೇ 5ರಿಂದ 10ರಷ್ಟು ಹೆಚ್ಚೇ ಬೆಳಗುತ್ತವೆ. ಭಾರದ ಗೆಲಾಕ್ಸಿಗಳು ಬಹುಪಾಲು ಮುದಿಯವು. ಮುದಿ ಮನೆಯದ್ದು ಮೊದಲು ಮಂಕು, ತಿದ್ದಿದರೆ ಸ್ವಲ್ಪ ಅತಿ! ಹಳೇ ಮೀಟರ್ ತಿರುಗಿಸಿ ತಿರುಗಿಸಿ ರೀಡಿಂಗ್ ಸರಿ ಮಾಡಿದ ಹಾಗಾಯಿತು.

ಕಾರಣ ನಕ್ಷತ್ರಗಳ ವಯಸ್ಸೋ, ಅವುಗಳಲ್ಲಿನ ಲೋಹದ ಪ್ರಮಾಣವೋ, ಧೂಳೋ, ಇನ್ನೂ ಜಗಳ ನಡೆದಿದೆ. ದಕ್ಷಿಣ ಕೊರಿಯಾದ ಯೋನ್ಸೆ ವಿಶ್ವವಿದ್ಯಾಲಯದ ತಂಡ ವಯಸ್ಸೇ ಕಾರಣ ಅನ್ನುತ್ತದೆ. ಇದೇ ಸೂಪರ್‌ನೋವಾಗಳ ದೂರ ಅಳೆದು 1998ರಲ್ಲಿ ಪತ್ತೆಯಾಗಿ 2011ರಲ್ಲಿ ನೊಬೆಲ್ ತಂದ ‘ವಿಶ್ವ ದಿನೇ ದಿನೇ ಹೆಚ್ಚು ವೇಗವಾಗಿ ಹಿಗ್ಗುತ್ತಿದೆ’ ಅನ್ನುವ ಮಾತನ್ನೇ ಈ ತಂಡ ಪ್ರಶ್ನಿಸಿದೆ. ಬೇರೆಯವರು ಒಪ್ಪಿಲ್ಲ. ನನಗಂತೂ ಅಷ್ಟು ದೊಡ್ಡ ಮಾತಿಗೆ ಇನ್ನೂ ಸಾಕ್ಷಿ ಬೇಕು ಅನಿಸುತ್ತದೆ.

ಮುಂದೆ ಸೂಪರ್‌ನೋವಾ ಸುದ್ದಿ ಹಾಕುವಾಗ ಅದು ಎಂಥ ಗೆಲಾಕ್ಸಿಯದ್ದು, ಎಳೆಯದೋ ಮುದಿಯೋ, ಅಂತ ಒಂದು ಸಾಲು ಸೇರಿಸಿ.

ಇಂತಿ,
ನಿವೃತ್ತ ಲೈನ್‌ಮನ್, ತಿಪಟೂರು