ಲಾಠಿ ಹಿಡಿದವರ ಎದೆ ಮೇಲೆ ಹೆಸರು ಕಾಣಲಿ

ಮಾನ್ಯರೇ,

ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಬಂತೆಂದರೆ ಸುವರ್ಣ ವಿಧಾನಸೌಧದ ಸುತ್ತ ಬ್ಯಾರಿಕೇಡ್ ಬರುತ್ತವೆ. ಕೊಂಡಸಕೊಪ್ಪ, ಸುವರ್ಣ ಗಾರ್ಡನ್ ಕಡೆ ಪ್ರತಿಭಟನೆಗೆ ಟೆಂಟ್ ಏಳುತ್ತವೆ. ಕಬ್ಬಿನ ಬಾಕಿ, ಬೆಳೆ ಪರಿಹಾರ ಅಂತ ನಾನೂ ಅಲ್ಲಿ ಕೂತು ಬಂದವನು. ಎಷ್ಟು ಕೂಗಿದರೂ ಸದನಕ್ಕೆ ಕೇಳುವುದಿಲ್ಲ. ಅದಕ್ಕೇ ಜನ ಎದ್ದು ಸೌಧದ ಕಡೆ ನಡೆಯುತ್ತಾರೆ, ತಳ್ಳಾಟ ಶುರುವಾಗುತ್ತದೆ.

2024ರ ಡಿಸೆಂಬರ್ 10ರಂದು ಹಿಂದುಳಿದ ವರ್ಗಗಳ ಪಟ್ಟಿಯ 2ಎ ಮೀಸಲಾತಿ ಕೇಳಿ ಪಂಚಮಸಾಲಿ ಸಮುದಾಯದವರು ಸೌಧಕ್ಕೆ ಮುತ್ತಿಗೆ ಹಾಕಲು ಹೊರಟಾಗ ಪೊಲೀಸರು ಲಾಠಿ ಬೀಸಿದರು. ಕಲ್ಲು ತೂರಿದರು ಎಂದಿತು ಸರ್ಕಾರ. ನಾವು ತೂರಿಲ್ಲ ಎಂದರು ಹೋರಾಟಗಾರರು. ಆ ವಾದ ಹಾಗಿರಲಿ, ನಾನು ಕೇಳುವುದು ಬೇರೆ. ಹೊಡೆದವರು ಯಾರು ಅಂತ ಪೆಟ್ಟು ತಿಂದವನು ಹೇಳುವುದಾದರೂ ಹೇಗೆ?

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಸರ್ಕಾರಿ ಕಚೇರಿ ಮುಂದೆ ಧರಣಿ ಇತ್ತು. ಪೊಲೀಸರು ಏಳಿ ಅಂದಾಗ ಎಲ್ಲರೂ ಎದ್ದೆವು. ನಮ್ಮ ಕಾಕಾ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು. ಹಿಂದಿನಿಂದ ಏಟು ಬಿತ್ತು, ಮುಂಗೈ ಊದಿ ಕುಂಬಳಕಾಯಿ ಆಯ್ತು. ದೂರು ಕೊಡಲು ಹೋದರೆ, "ಯಾರು ಹೊಡೆದ್ರು, ಹೆಸರು ಹೇಳ್ರಿ" ಅಂದರು. "ಹೆಲ್ಮೆಟ್ ಹಾಕ್ಕೊಂಡಿದ್ರರೀ, ಮಾರಿ ಕಾಣಲಿಲ್ಲರೀ" ಅಂದರು ಕಾಕಾ. ದೂರು ಅಲ್ಲಿಗೇ ನಿಂತಿತು.

ಬಂದೋಬಸ್ತ್‌ಗೆ ಬಂದ ಪೊಲೀಸರನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಖಾಕಿ ಅಂಗಿಯ ಮೇಲೆ ಎದೆ, ಭುಜ ಮುಚ್ಚುವ ದಪ್ಪ ಜಾಕೆಟ್ ಇರುತ್ತದೆ. ಹೆಸರಿನ ಪಟ್ಟಿ ಅದರ ಅಡಿಗೆ ಹೋಗುತ್ತದೆ. ಒಬ್ಬರನ್ನು ಬಂಧಿಸುವಾಗ ಪೊಲೀಸರ ಹೆಸರು ಸ್ಪಷ್ಟವಾಗಿ ಕಾಣಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲು ಬಂದ ಕಾನೂನು) 36ನೇ ಸೆಕ್ಷನ್ ಹೇಳುತ್ತದೆ. ಕೈ ಹಿಡಿಯಲು ಹೆಸರು ಬೇಕು, ಕೈ ಮುರಿಯಲು ಬೇಡವೇ?

ಗುಂಪು ಚದುರಿಸಲು ಬಲ ಬಳಸಲು ಕಾನೂನಿನಲ್ಲಿ ಅವಕಾಶ ಇದೆ, ಒಪ್ಪುತ್ತೇನೆ. ಆದರೆ ಮೊದಲು ಚದುರಿ ಅಂತ ಆದೇಶ ಕೊಡಬೇಕು. ಚದುರಿದ ಮೇಲೆ ಹೊಡೆತ ನಿಲ್ಲಬೇಕು. ಜಮ್ಮುವಿನ ಕಟ್ರಾ ಬಳಿಯ ಪ್ರತಿಭಟನೆಯ ಪ್ರಕರಣದಲ್ಲಿ, ಪರಿಸ್ಥಿತಿ ಹತೋಟಿಗೆ ಬಂದ ಮೇಲೂ ಹೊಡೆದದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿ ಪರಿಹಾರ ಕೊಡಿಸಿತು. ಅದೇ ವರ್ಷ ಮಹದಾಯಿ ನದಿ ನೀರಿನ ಹೋರಾಟದ ಹೊತ್ತಿಗೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗೆ ನುಗ್ಗಿ ಹೆಂಗಸರು, ಮುದುಕರು ಅನ್ನದೆ ಹೊಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆಮೇಲೆ ಕೆಲವು ಪೊಲೀಸರು ಅಮಾನತಾದರು. ಕ್ಯಾಮೆರಾ ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಕಾನ್‌ಸ್ಟೆಬಲ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮಂಥ ರೈತರ ಮಕ್ಕಳೇ. ಬೇರೆ ಜಿಲ್ಲೆಯಿಂದ ಬಂದು, ಆ ಚಳಿಯಲ್ಲಿ ಬೆಳಗಿನ ಜಾವದಿಂದ ನಿಂತಿರುತ್ತಾರೆ. ಹೆಚ್ಚಿನವರು ಸುಮ್ನೆ ಯಾರ ಮೇಲೂ ಕೈ ಎತ್ತುವುದಿಲ್ಲ. ಆದರೆ ಒಬ್ಬ ಕೆರಳಿ ಹೊಡೆದರೆ ಕೆಟ್ಟ ಹೆಸರು ಇಡೀ ಸಾಲಿಗೆ ಬರುತ್ತದೆ. ಹೆಸರು ಕಾಣುವಂತಿದ್ದರೆ ಹೊಡೆಯದವನಿಗೂ ಅದೇ ರಕ್ಷಣೆ ಅಲ್ವಾ?

ದೊಡ್ಡ ಖರ್ಚಿನ ಕೆಲಸವೂ ಅಲ್ಲ ಇದು. ಜಾಕೆಟ್ಟಿನ ಎದೆ ಮೇಲೆ ಹೆಸರು, ಬೆನ್ನ ಮೇಲೆ ದೂರದಿಂದಲೇ ಓದಬಹುದಾದ ದೊಡ್ಡ ನಂಬರ್ ಬರೆಸಬೇಕು. ಚದುರಿ ಅಂತ ಆದೇಶ ಕೊಡುವ ಅಧಿಕಾರಿ ಮೈಕಿನಲ್ಲಿ ಕನ್ನಡದಲ್ಲಿ ತನ್ನ ಹೆಸರು, ಹುದ್ದೆ ಹೇಳಬೇಕು. ಹಿಂದಿನ ಸಾಲಿನವರಿಗೂ ಅದು ಕೇಳಬೇಕು, ವಿಡಿಯೊದಲ್ಲಿ ದಾಖಲಾಗಬೇಕು. ಮುಂದಿನ ಅಧಿವೇಶನದ ಬಂದೋಬಸ್ತ್‌ಗೆ ಮೊದಲೇ ಗೃಹ ಸಚಿವರು ಇದಕ್ಕೊಂದು ಸುತ್ತೋಲೆ ಹೊರಡಿಸಲಿ.

– ಒಬ್ಬ ಕಬ್ಬು ಬೆಳೆಗಾರ, ಬೈಲಹೊಂಗಲ ತಾಲ್ಲೂಕು