ಒಂದೂವರೆ ಬೆರಳು ಗಿಡ್ಡ ಕಾಲು

ಪ್ರೀತಿಯ ಗೆಳೆಯಾ,

ನಿನ್ನ ಮೂರು ಸಂದೇಶಗಳಿಗೂ ಉತ್ತರಿಸದೇ ಇದ್ದುದಕ್ಕೆ ಕಾರಣ ಅವ್ವನ ಕನ್ನಡಿ ಕಪಾಟು. ನವನಗರದ ಮನೆಯ ವರಾಂಡದಲ್ಲಿ ಹಳೆಯ ಪತ್ರಿಕೆ ಹಾಸಿ, ಖಾನೆಗಳನ್ನೆಲ್ಲ ಹೊರಗೆಳೆದು, ಹದಿನೈದು ದಿನಗಳಿಂದ ಅದರ ಮುಂದೆಯೇ ಕುಳಿತಿದ್ದೇನೆ. ಮೂರನೆಯ ಖಾನೆಯ ತಳದಲ್ಲಿ ಹೋಳಿಯ ಆ ಗುಲಾಬಿ ಕಲೆ ಹಾಗೆಯೇ ಇದೆ. ಯಾರು ಮಾಡಿದ್ದೆಂದು ಅವ್ವ ಮತ್ತೆ ಕೇಳಿದಳು. ‘ಬೆಕ್ಕು’ ಎಂದೆ.

ಮರ ಅಪ್ಪಟ ಸಾಗವಾನಿ. ಅದರ ಮೇಲೆ ಮೂರು ಪದರ ಬಣ್ಣ: ಕಂದು, ಅದರಡಿ ಹಸಿರು, ಎಲ್ಲಕ್ಕಿಂತ ಕೆಳಗೆ ನೀನು ಬಲ್ಲ ಆಕಾಶನೀಲಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಈ ಬಣ್ಣಗಳು ಅದಕ್ಕಿಂತ ಬಹಳ ಹಿಂದಿನವು. ಹಾಗಾಗಿ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಲಿಲ್ಲ. ಮಾಸ್ಕ್ ಕಟ್ಟಿಕೊಂಡು, ನೀರು ಚಿಮುಕಿಸುತ್ತ, 80ರ ಉಪ್ಪುಕಾಗದದಿಂದ ಆರಂಭಿಸಿ 220ರ ನಯದವರೆಗೆ ಬಂದೆ. ಮರದ ಎಳೆಯ ಗುಂಟವೇ ಉಜ್ಜಬೇಕು, ಅಡ್ಡ ಎಳೆದ ಒಂದು ಗೀರು ಸಾಕು, ಎರಡು ಕೋಟ್ ಬಣ್ಣ ಬಳಿದರೂ ಅಡಗುವುದಿಲ್ಲ. ಬಿರುಕುಗಳಿಗೆ ಬಡಿಗೇರರ ಅಂಗಡಿಯ ಸಾಗವಾನಿ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿದೆ. ಖಾನೆಗಳ ಅಂಚಿಗೆ ಮೇಣದಬತ್ತಿ ತಿಕ್ಕಿದ ಮೇಲೆ ಅವು ಅವ್ವನ ಒಂದೇ ಬೆರಳಿಗೆ ತೆರೆದುಕೊಳ್ಳುತ್ತಿವೆ. ಅವಳ ಮುಖ ನೀನು ನೋಡಬೇಕಿತ್ತು.

ಕೊನೆಗೆ ಉಳಿದದ್ದು ಹಿಂದಿನ ಎಡಗಾಲು. ಈ ಮನೆಗೆ ಬಂದಂದಿನಿಂದ ಕಪಾಟು ಅಲ್ಲಾಡುತ್ತಿತ್ತು, ಅಪ್ಪ ಆ ಕಾಲಿನಡಿ ಮರದ ಚಕ್ಕೆಯೊಂದನ್ನು ಇಟ್ಟಿದ್ದರು. ಗೆದ್ದಲು ತಿಂದಿರಬೇಕೆಂದೇ ನಾನು ತಿಳಿದಿದ್ದೆ. ಮಗುಚಿ ನೋಡಿದರೆ ಗೆದ್ದಲಿನ ಗುರುತೇ ಇಲ್ಲ. ಗರಗಸದಿಂದ ಅಚ್ಚುಕಟ್ಟಾಗಿ ಕೊಯ್ದ ಕಾಲು; ಒಂದೂವರೆ ಬೆರಳು ಗಿಡ್ಡ. ಹಳೆಯ ಊರಿನ ಮನೆಯ ಪಡಸಾಲೆಯಲ್ಲಿ ಆ ಮೂಲೆಯ ನೆಲ ಉಬ್ಬಿತ್ತಂತೆ. ನೆಲ ಅಗೆಯುವ ಬದಲು ಅಪ್ಪ ಕಾಲನ್ನೇ ಕೊಯ್ದರೆಂದು ಅವ್ವ ಹೇಳಿದಳು.

ಉಳಿ ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಹಳೆಯ ಊರನ್ನು ಮುಳುಗಿಸಿದ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ, 519.60 ಮೀಟರ್, ನಮ್ಮ ಊರಿನವರಿಗೆ ಮಗ್ಗಿಯಷ್ಟೇ ಬಾಯಿಪಾಠ. ಅಣೆಕಟ್ಟನ್ನು ಎತ್ತರಿಸಿದರೆ ಬರುವ 524.256 ಎಂಬ ಮುಂದಿನ ಅಂಕಿಯೂ ಗೊತ್ತು. ನೀರು ಎಲ್ಲಿಯವರೆಗೆ ಬರುತ್ತದೆಂಬುದಕ್ಕೆ ಮಿಲಿಮೀಟರಿನ ಲೆಕ್ಕವಿದೆ. ನಮ್ಮ ಪಡಸಾಲೆಯ ನೆಲ ಎಷ್ಟು ಉಬ್ಬಿತ್ತು ಎಂಬುದಕ್ಕೆ ಈ ಕಾಲೊಂದೇ ಉಳಿದಿದೆ. ಅದಕ್ಕೆ ತುಂಡು ಜೋಡಿಸಿ ಸಮ ಮಾಡಲು ನಾನು ಹೊರಟಿದ್ದೆ.

ಇನ್ನೊಂದು ವಿಷಯ. ಫೋನಿನಲ್ಲಿ ಎಷ್ಟು ಸಲ ಬಾಯಿಯವರೆಗೆ ಬಂದರೂ ಹೇಳಲಾಗಲಿಲ್ಲ. ನಾಲ್ಕು ಜನ ಓದುವಲ್ಲಿ ಬರೆದರೆ ಹಿಂದೆಗೆಯಲು ಆಗುವುದಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ. ಆ ಮನೆಯ ತೊಲೆ, ಜಂತಿ, ಚೌಕಟ್ಟುಗಳನ್ನು ಕಳಚಿದ ದಿನ ನನಗೆ ಧಾರವಾಡದಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ. ಅದು ಹಿಂದಿನ ವಾರವೇ ಮುಗಿದಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದೆ. ಮಾಳಿಗೆ ಇಳಿಯುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಈ ಕಪಾಟಿನ ಒಂದು ತುದಿಯನ್ನು ಅಪ್ಪ ಹಿಡಿದಾಗ ಇನ್ನೊಂದು ತುದಿಯನ್ನು ನೀನು ಹಿಡಿದೆ. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಅವರಿಗೆ ಪರೀಕ್ಷೆಯ ವೇಳಾಪಟ್ಟಿ ಗೊತ್ತಿತ್ತೇ? ಕೇಳಲು ಈಗ ಅವರಿಲ್ಲ. ನಿನಗೆ ಗೊತ್ತಿತ್ತೆಂದು ನನಗೆ ಮೊದಲಿನಿಂದಲೂ ಅನುಮಾನ.

ಇರಲಿ, ಬಣ್ಣದ ವಿಷಯಕ್ಕೆ ಬರುತ್ತೇನೆ. ಗಿಡ್ಡ ಕಾಲಿಗೆ ಕೂರಿಸಿದ ತುಂಡಿಗೆ ಫೆವಿಕಾಲ್ ಹಚ್ಚಿಲ್ಲ, ಎರಡು ಸ್ಕ್ರೂಗಳಿಂದ ಬಿಗಿದಿದ್ದೇನೆ, ಬೇಕೆಂದಾಗ ಬಿಚ್ಚಬಹುದು. ಅಪ್ಪ ಕೊಯ್ದ ಮೈಗೆ ಪ್ರೈಮರ್ ಕೂಡ ತಾಕಿಸಿಲ್ಲ. ಉಳಿದದ್ದಕ್ಕೆಲ್ಲ ಆಕಾಶನೀಲಿ. ಅಂಗಡಿಯವನ ಪಟ್ಟಿಯಲ್ಲಿದ್ದ ನೀಲಿಗಳಲ್ಲಿ ಒಂದೂ ಹೊಂದಲಿಲ್ಲವೆಂದು ಹಳೆಯ ಚಕ್ಕೆಯೊಂದನ್ನು ಒಯ್ದು ತೋರಿಸಿ ಕಲಸಿಸಿಕೊಂಡು ಬಂದೆ. ಎರಡನೆಯ ಕೋಟ್ ಇನ್ನೂ ಹಸಿಯಾಗಿದೆ. ಅವ್ವ ಓಣಿಯ ಮಕ್ಕಳನ್ನು ಗೇಟಿನಲ್ಲೇ ತಡೆಯುತ್ತಿದ್ದಾಳೆ.

ಹೋಳಿಗೆ ಬಂದೇ ಬರುತ್ತೀಯಲ್ಲ? ಬಣ್ಣದ ಬಂಡಿ ಮುಗಿದ ಮೇಲೆ ಕೈ ತೊಳೆದುಕೊಂಡು ಒಳಗೆ ಬಾ. ಬೆಕ್ಕನ್ನು ಮಾತ್ರ ಕರೆತರಬೇಡ.

ನಿನ್ನವನೇ