ಜಾಜ್ ತಂಡದಲ್ಲಿ ಚೆಲ್ಲೊ ದನಿ

ಮಾನ್ಯ ಸಂಪಾದಕರೇ,

ನಮ್ಮ ಪತ್ರಿಕೆಗಳಲ್ಲಿ ಅಮೆರಿಕದ ಜಾಜ್ ಸಂಗೀತದ ಕುರಿತ ಬರಹಗಳೇ ವಿರಳ. ಬಂದರೂ ಅವು ಹೆಚ್ಚಾಗಿ ಹೆಸರಾಂತ ಟ್ರಂಪೆಟ್ ವಾದಕರಾದ ಲೂಯಿ ಆರ್ಮ್‌ಸ್ಟ್ರಾಂಗ್, ಮೈಲ್ಸ್ ಡೇವಿಸ್ ಅವರಲ್ಲಿಗೇ ನಿಲ್ಲುತ್ತವೆ. ಹಾಗಾಗಿ, ಲಾಸ್ ಏಂಜಲೀಸ್‌ನ ಡ್ರಮ್ ವಾದಕ ಚಿಕೊ ಹ್ಯಾಮಿಲ್ಟನ್ ಅವರ ಐವರ ತಂಡ 1955ರಲ್ಲಿ ಧ್ವನಿಮುದ್ರಿಸಿದ ಚೊಚ್ಚಲ ಆಲ್ಬಂ ಕಡೆಗೆ ಓದುಗರ ಗಮನ ಸೆಳೆಯಬಯಸುತ್ತೇನೆ.

ಪಿಯಾನೊ, ಟ್ರಂಪೆಟ್‌ಗಳಿಲ್ಲದ ಈ ತಂಡದಲ್ಲಿ ಫ್ರೆಡ್ ಕಾಟ್ಜ್ ಅವರ ಚೆಲ್ಲೊ (ಪಿಟೀಲಿನ ಕುಟುಂಬದ, ಅದಕ್ಕಿಂತ ದೊಡ್ಡದಾದ ತಗ್ಗುದನಿಯ ವಾದ್ಯ), ಬಡ್ಡಿ ಕೊಲೆಟ್ ಅವರ ಕೊಳಲು, ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್, ಜಿಮ್ ಹಾಲ್ ಅವರ ಗಿಟಾರ್, ಕಾರ್ಸನ್ ಸ್ಮಿತ್ ಅವರ ಬಾಸ್ (ಮಂದ್ರಸ್ವರದ ದೊಡ್ಡ ತಂತಿವಾದ್ಯ) ಇದ್ದವು. ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಪಳಗಿದ ಕಾಟ್ಜ್ ಚೆಲ್ಲೊವನ್ನು ಕಮಾನಿನಿಂದ ನುಡಿಸುವಾಗ ಅದು ಹಿನ್ನೆಲೆಯ ಅಲಂಕಾರವಾಗದೆ, ಕೊಳಲಿನೊಡನೆ ಸರಿಸಮನಾಗಿ ಸಂವಾದಕ್ಕಿಳಿಯುತ್ತದೆ. ಹ್ಯಾಮಿಲ್ಟನ್ ಅವರಂತೂ ಡ್ರಮ್ಮಿನ ಅಬ್ಬರವನ್ನು ತಗ್ಗಿಸಿ, ಕೆಲವೇ ವಾದ್ಯಗಳು ಆಪ್ತವಾಗಿ ಕೂಡಿ ನುಡಿಸುವ ಚೇಂಬರ್ ಸಂಗೀತಕ್ಕೆ ಬೇಕಾದ ಅವಕಾಶವನ್ನು ಉಳಿದ ನಾಲ್ವರಿಗೂ ಬಿಟ್ಟುಕೊಡುತ್ತಾರೆ. ಆಲ್ಬಮ್ಮಿನ ಒಂದು ಭಾಗ ಲಾಸ್ ಏಂಜಲೀಸ್ ಬಳಿಯ ಲಾಂಗ್ ಬೀಚ್‌ನ ಕ್ಲಬ್ಬೊಂದರಲ್ಲಿ ಕೇಳುಗರ ಎದುರಿನಲ್ಲೇ ಮುದ್ರಣಗೊಂಡಿತೆಂಬುದು ನನಗೆ ಇನ್ನೂ ಹಿರಿದಾಗಿ ಕಾಣುತ್ತದೆ, ಏಕೆಂದರೆ ಇಷ್ಟು ಮೆಲುದನಿಯ ಸಂಗೀತವನ್ನು ಅಂಥ ಜಾಗದಲ್ಲಿ ನುಡಿಸಲು ಧೈರ್ಯ ಬೇಕು.

ಪಿಟೀಲು, ವೀಣೆ, ಕೊಳಲುಗಳ ಕಛೇರಿಯನ್ನು ಸಾಹಿತ್ಯದ ಹಂಗಿಲ್ಲದೆ ಆಲಿಸಬಲ್ಲ ಕನ್ನಡದ ಕೇಳುಗರಿಗೆ ಇದು ದೂರದ್ದೆನಿಸಲಾರದು. ಇಂಥ ಆಲ್ಬಂಗಳನ್ನು ವಾದ್ಯಗಳ ವಿವರದೊಂದಿಗೆ ಪರಿಚಯಿಸುವ ಅಂಕಣವೊಂದನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಧಾರವಾಡ